ನಾನೂರ ಮೂವತ್ತೊಂದು ಅರ್ಜಿಗಳು

೨೦೨೪ನೆಯ ಇಸವಿ, ಡಿಸೆಂಬರ್ ಹದಿನಾಲ್ಕು, ಶನಿವಾರ. ಸಂಜೆ ಆರಕ್ಕೆ ಜೀವಶಾಸ್ತ್ರ ವಿಭಾಗದ ಅರ್ಜಿ ಇನ್ನೂರ ಎಂಬತ್ತಾರು. ಸೀಟು ನೂರ ಇಪ್ಪತ್ತು.

ಹಿಪ್ಪರಗಿಯ ಬಸವಕುಮಾರ ಈ ಎರಡು ಸಂಖ್ಯೆಗಳನ್ನು ‘ನಾಲ್ಕು ತಾಲೂಕಾ ಪಾಲಕರು’ ಎಂಬ ವಾಟ್ಸಪ್ ಗುಂಪಿಗೆ ಹಾಕಿ, ಎಮ್ಮೆಯ ಕೊಟ್ಟಿಗೆಯ ಕಟ್ಟೆಯ ಮೇಲೆ ಕುಳಿತು ಪ್ರತಿಫಲಕ್ಕಾಗಿ ಕಾದ. ಪ್ರತಿಫಲವೆಂದರೆ ಕೈಮುಗಿದ ಚಿತ್ರಗಳು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಿಂದ ಅವು ಒಂದರ ಹಿಂದೊಂದು ಬಂದವು. ಹತ್ತನೆಯ ತರಗತಿಯ ಮಕ್ಕಳಿದ್ದ ಇನ್ನೂರು ಮನೆಗಳು ಆ ಗುಂಪಿನಲ್ಲಿದ್ದವು. ಮಕ್ಕಳು ಪರೀಕ್ಷೆಗೆ ಓದುತ್ತಿದ್ದರು. ಪಾಲಕರು ಅಂಕಿ ಓದುತ್ತಿದ್ದರು.

ಅಂಕಿಯೆಲ್ಲ ನವಪಥ ವಸತಿ ಪದವಿಪೂರ್ವ ಕಾಲೇಜಿನದು. ಮುಧೋಳದಿಂದ ಜಮಖಂಡಿಗೆ ಹೋಗುವ ರಸ್ತೆಯ ಪಕ್ಕ, ಕಬ್ಬಿನ ಹೊಲಗಳ ನಡುವೆ, ಅದು ನಾಲ್ಕು ವರ್ಷಗಳ ಹಿಂದೆ ಎದ್ದಿತ್ತು. ಹತ್ತನೆಯ ತರಗತಿಯ ಪರೀಕ್ಷೆ ಮುಗಿಯುವ ತನಕ ಕಾಯುವ ಅಭ್ಯಾಸ ಅದಕ್ಕಿರಲಿಲ್ಲ. ಡಿಸೆಂಬರಿನಲ್ಲೇ ಅರ್ಜಿ, ಜನವರಿಯಲ್ಲೇ ಪ್ರವೇಶ ಪರೀಕ್ಷೆ. ಅರ್ಜಿಯಲ್ಲಿಯೂ ಎರಡು ದಾರಿ. ಒಂದು ಮುಕ್ತ: ಫಲಿತಾಂಶ ಬಂದ ಮೇಲೆ, ಮೇ ತಿಂಗಳಲ್ಲಿ, ಸೀಟು ಉಳಿದಿದ್ದರೆ ನೋಡುವುದು. ಇನ್ನೊಂದು ಬದ್ಧ: ವಿಷಯ ಬದಲಿಸುವುದಿಲ್ಲ, ಬೇರೆ ಕಾಲೇಜಿನ ಹೊಸ್ತಿಲು ತುಳಿಯುವುದಿಲ್ಲ ಎಂದು ಡಿಸೆಂಬರ್ ಇಪ್ಪತ್ತರೊಳಗೆ ಮುಚ್ಚಳಿಕೆ ಬರೆದುಕೊಡುವುದು. ಬದ್ಧರಾದವರಿಗೆ ಸೀಟು ಮೊದಲು.

ಎಷ್ಟು ಅರ್ಜಿ ಬಂದಿವೆ ಎಂದು ಕಾಲೇಜು ಯಾರಿಗೂ ಹೇಳುತ್ತಿರಲಿಲ್ಲ. ಆದರೆ ಅದರ ಜಾಲತಾಣದಲ್ಲಿ ಹೆಸರು, ಫೋನ್ ಸಂಖ್ಯೆ ತುಂಬಿ ಗುಂಡಿ ಒತ್ತಿದರೆ, ಆ ವಿಷಯದಲ್ಲಿ ನಿಮ್ಮ ಅರ್ಜಿ ಎಷ್ಟನೆಯದು ಎಂದು ಪರದೆಯ ಮೇಲೆ ಮೂಡುತ್ತಿತ್ತು. ಉಳಿದ ವಿವರವನ್ನು ಆಮೇಲೆ ತುಂಬಬಹುದು, ತುಂಬದೆಯೂ ಇರಬಹುದು. ಎಣಿಕೆ ತಿಳಿಯಲು ಇದ್ದ ಉಪಾಯ ಅದೊಂದೇ: ಅರ್ಜಿ ಹಾಕುವುದು.

ಬಸವಕುಮಾರನಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಅವನು ಕಬ್ಬಿನವನು. ಒಂದೇ ಹೊಲದ ಕಬ್ಬನ್ನು ತನ್ನ ಹೆಸರಿನಲ್ಲಿ ಒಂದು ಕಾರ್ಖಾನೆಗೆ, ತಾಯಿಯ ಹೆಸರಿನಲ್ಲಿ ಮತ್ತೊಂದಕ್ಕೆ, ಹೆಂಡತಿಯ ಹೆಸರಿನಲ್ಲಿ ಮಗುದೊಂದಕ್ಕೆ ನೋಂದಾಯಿಸುವುದು, ಯಾರ ಕಟಾವಿನ ಚೀಟಿ ಮೊದಲು ಬರುತ್ತದೋ ಅವರಿಗೆ ಕಳಿಸುವುದು ಅವನ ಮನೆಯ ಪದ್ಧತಿ. ಇದನ್ನು ಅವನು ಸುಳ್ಳೆಂದು ತಿಳಿದಿರಲಿಲ್ಲ, ಜಾಣತನವೆಂದು ತಿಳಿದಿದ್ದ. ಸುತ್ತಲಿನವರೂ ಹಾಗೆಯೇ ತಿಳಿದಿದ್ದರು. ಹೀಗೆ ಒಂದೊಂದು ಹೊಲದಲ್ಲಿ ಕಾಗದದ ಮೇಲೆ ಮೂರು ಹೊಲದ ಕಬ್ಬು ಬೆಳೆಯುತ್ತಿತ್ತು.

ಡಿಸೆಂಬರ್ ಒಂದರಂದು ಅವನ ಮಗಳು ಕಾವ್ಯ ತನ್ನ ಕೈಯಿಂದಲೇ ಜೀವಶಾಸ್ತ್ರಕ್ಕೆ ಅರ್ಜಿ ತುಂಬಿದಳು. ಅದು ಹತ್ತೊಂಬತ್ತನೆಯದು. ಅಂದೇ ಮುಚ್ಚಳಿಕೆ ಕೊಟ್ಟಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಪಾಳಿ ಹೇಗೆ ಸಾಗುತ್ತದೆಂದು ನೋಡದೆ ಕೈ ಕಟ್ಟಿಹಾಕಿಕೊಳ್ಳುವವನು ಬಸವಕುಮಾರನಲ್ಲ. ನಾಲ್ಕು ದಿನ ಬಿಟ್ಟು ತಾಯಿ ಅನಸವ್ವನ ಹೆಸರಿನಲ್ಲಿ ಒಂದು ಅರ್ಜಿ ಹಾಕಿದ: ಎಪ್ಪತ್ತನಾಲ್ಕು. ಹೆಂಡತಿ ಶೈಲಾಳ ಹೆಸರಿನಲ್ಲಿ ಹಾಕಿದ: ನೂರ ಐವತ್ತೆರಡು. ತನ್ನ ಹೆಸರಿನಲ್ಲಿ: ಇನ್ನೂರ ಒಂಬತ್ತು. ನಾಲ್ಕನೆಯದಕ್ಕೆ ಮನೆಯಲ್ಲಿ ಹೆಸರು ಮುಗಿದಿತ್ತು. ಎದುರಿಗೆ ಎಮ್ಮೆ ಮೆಲುಕು ಹಾಕುತ್ತಿತ್ತು. ‘ಗೌರಿ ಬಸವಕುಮಾರ’ ಎಂದು ಬರೆದು, ಯಾರೂ ಬಳಸದ ಹಳೆಯ ಫೋನಿನ ಸಂಖ್ಯೆ ಕೊಟ್ಟ. ಆ ಇನ್ನೂರ ಎಂಬತ್ತಾರನೆಯ ಅರ್ಜಿ ಎಮ್ಮೆಯದು.

ಕಾವ್ಯಳಿಗೆ ಜೀವಶಾಸ್ತ್ರವೇ ಬೇಕಾಗಿತ್ತು. ಅದಕ್ಕೂ ಆ ಎಮ್ಮೆಯೇ ಕಾರಣ. ಎರಡು ವರ್ಷದ ಹಿಂದೆ ಗೌರಿ ಈಯುವಾಗ ಕರು ಅಡ್ಡಬಿದ್ದಿತ್ತು. ರಬಕವಿಯಿಂದ ಬಂದ ಪಶುವೈದ್ಯೆ ತೋಳನ್ನು ಭುಜದವರೆಗೆ ತೂರಿಸಿ, ಕಣ್ಣು ಮುಚ್ಚಿ, ಒಳಗಿದ್ದ ಕಾಲನ್ನು ಬೆರಳಿನಿಂದಲೇ ಗುರುತಿಸಿ ಕರುವನ್ನು ತಿರುಗಿಸಿದ್ದಳು. ಬಿಸಿನೀರು ಹಿಡಿದು ನಿಂತಿದ್ದ ಕಾವ್ಯ ಅಂದಿನಿಂದ ಬೇರೆ ಯಾವ ಕೆಲಸವನ್ನೂ ಕೆಲಸವೆಂದು ಎಣಿಸಲಿಲ್ಲ. ಜೀವಶಾಸ್ತ್ರವಿಲ್ಲದೆ ಪಶುವೈದ್ಯಕೀಯವಿಲ್ಲ. ಇಷ್ಟು ಲೆಕ್ಕ ಅವಳಿಗೆ ಸ್ಪಷ್ಟವಾಗಿತ್ತು.

ಗುಂಪಿನಲ್ಲಿ ಸಂಜೆಯ ಸಂಖ್ಯೆ ಬಸವಕುಮಾರನದಾದರೆ, ಮುಂಜಾನೆಯ ಸಂಖ್ಯೆ ತೇರದಾಳದ ಕಾಳಿನ ವ್ಯಾಪಾರಿ ತಾತ್ಯಾಸಾಹೇಬನದು. ಅವನ ಮಗ ನಿಶಾಂತನಿಗೆ ಕಂಪ್ಯೂಟರ್ ಎಂದರೆ ಪ್ರಾಣ. ತಾತ್ಯಾಸಾಹೇಬನಿಗೆ ಎರಡೂ ವಿಷಯದ ಎಣಿಕೆ ಎಂದರೆ ಪ್ರಾಣ.

“ತಾತ್ಯಾನ ಕಡೆ ಒಳಗಿನ ಮನುಷ್ಯಾ ಒಬ್ಬಾಂವ ಅದಾನ,” ಎಂದು ಬಸವಕುಮಾರ ಶೈಲಾಳಿಗೆ ಹೇಳಿದ. “ಇಲ್ಲಂದ್ರ ದಿನಾ ಇಷ್ಟ ಬರಾಬರಿ ಹ್ಯಾಂಗ ಹೇಳ್ತಾನ?”

“ನೀವೂ ಬರಾಬರಿ ಹೇಳ್ತೀರಲ್ಲರಿ? ನಿಮ್ಮ ಕಡೆ ಯಾರದಾರ ಒಳಗ?”

“ನಂದು ಬ್ಯಾರೆ. ನಂದು ತಲಿ.”

ತೇರದಾಳದಲ್ಲಿ ತಾತ್ಯಾಸಾಹೇಬನೂ ಬಸವಕುಮಾರನ ಕಡೆ ಒಳಗಿನ ಮನುಷ್ಯನೊಬ್ಬನಿದ್ದಾನೆಂದು ತನ್ನ ಹೆಂಡತಿಗೆ ಹೇಳುತ್ತಿದ್ದ.

ಹದಿನೇಳರ ಮಧ್ಯಾಹ್ನ ಅನಸವ್ವನ ಫೋನ್ ರಿಂಗಾಯಿತು. ಅವಳು ಅಂಗಳದಲ್ಲಿ ಹುಣಸೆ ಕುಟ್ಟುತ್ತಿದ್ದಳು. ಶೈಲಾ ಫೋನನ್ನು ಅವಳ ಮುಂದಿಟ್ಟು ದನಿ ಜೋರು ಮಾಡಿದಳು.

“ಅನಸವ್ವ ಅವರೇನ್ರಿ? ನವಪಥ ಕಾಲೇಜಿಂದ ಮಾತಾಡಾಕತ್ತೇನಿ. ಜೀವಶಾಸ್ತ್ರಕ್ಕ ನಿಮ್ಮ ಅರ್ಜಿ ಅರ್ಧಾ ಉಳದೈತ್ರಿ. ಹತ್ತನೆತ್ತ ಯಾವ ಸಾಲ್ಯಾಗ ಓದಾಕತ್ತೀರಿ?”

“ಹತ್ತನೆತ್ತ ಎಲ್ಲೀದ ತಂಗಿ? ನಾ ಎರಡನೆತ್ತಕ್ಕ ಬಿಟ್ಟಾಕಿ. ಮಾಸ್ತರ ಕಿವಿ ಹಿಂಡಿದ್ದ.”

ಆ ಕಡೆಯ ಹುಡುಗಿ ಮುಂದಿನ ಪ್ರಶ್ನೆಗೆ ಹೋದಳು. ಕಲಿತ ಪಾಠ ಒಪ್ಪಿಸುವ ದನಿಯಲ್ಲಿ: “ಹಾಸ್ಟೆಲ್ ಬೇಕೇನ್ರಿ ನಿಮಗ?”

“ಊಟಕ್ಕ ಏನ ಕೊಡ್ತೀರಿ?”

“ಮುಂಜಾನೆ ನಾಷ್ಟಾ, ಎರಡ ಹೊತ್ತ ಊಟಾ ರೀ.”

“ಬಿಸಿ ರೊಟ್ಟಿನೋ, ಕಟಕ ರೊಟ್ಟಿನೋ? ನನಗ ಹಲ್ಲಿಲ್ಲ ನೋಡವಾ, ಮೊದಲ ಹೇಳೇನಿ.”

ಶೈಲಾ ಸೆರಗನ್ನು ಬಾಯಿಗೆ ಒತ್ತಿ ನಕ್ಕಳು. ಕಾವ್ಯ ನಗಲಿಲ್ಲ. ಅವಳು ನೇರವಾಗಿ ಕೊಟ್ಟಿಗೆಗೆ ಹೋಗಿ ತಂದೆಯ ಮುಂದೆ ನಿಂತಳು.

“ಅಪ್ಪಾ, ಆಯಿ ಹೆಸರಿಲೆ ಅರ್ಜಿ ಹಾಕಿಯೇನ?”

“ಹಾಕೇನಿ. ನಾಕ ಹಾಕೇನಿ. ಎಲ್ಲಾ ನಿನ್ನ ಸಂಬಂಧನ.”

“ನೀ ನಾಕ ಹಾಕೀದಿ ಅಂದ್ರ ಉಳದವರೂ ಹಾಕಿರಬೇಕಲ್ಲ? ಹಂಗಾದ್ರ ಖರೆ ಅರ್ಜಿ ಎಷ್ಟವ?”

ಬಸವಕುಮಾರ ಮಗಳನ್ನು ಕನಿಕರದಿಂದ ನೋಡಿದ. “ಉಳದವರಿಗೆ ಅಷ್ಟ ಶ್ಯಾಣ್ಯಾತನ ಎಲ್ಲಿ ಬರಬೇಕ ಯವ್ವಾ? ಅವರು ನಾ ಹಾಕಿದ್ದ ನೋಡಿ ಕೈ ಮುಗೀತಾರ ಅಷ್ಟ.”

ಆದರೂ ಅವನು ಪ್ರಾಮಾಣಿಕ. ಅಂದಿನ ಮುಂಜಾನೆ ತಾತ್ಯಾಸಾಹೇಬನ ಸಂಖ್ಯೆ ಮುನ್ನೂರ ನಲವತ್ತು ಎಂದಿತ್ತು. ಅದರಲ್ಲಿ ತಾನು ಹಾಕಿದ ನಾಲ್ಕನ್ನು ಕಳೆದು, ಮುನ್ನೂರ ಮೂವತ್ತಾರು ಎಂದು ಶೈಲಾಳಿಗೆ ತಿಳಿಸಿದ. ತನ್ನ ನಾಲ್ಕನ್ನು ಕಳೆದ. ಊರವರ ನಾಲ್ಕು ನಾಲ್ಕನ್ನು ಕಳೆಯಲಿಲ್ಲ. ಅರ್ಧ ಲೆಕ್ಕ ಮಾಡಿದವನಿಗೆ ಇರುವಷ್ಟು ಧೈರ್ಯ ಪೂರ್ತಿ ಮಾಡಿದವನಿಗೆ ಇರುವುದಿಲ್ಲ.

ಇಪ್ಪತ್ತನೆಯ ತಾರೀಖು, ಶುಕ್ರವಾರ. ಮುಚ್ಚಳಿಕೆಗೆ ಅದೇ ಕೊನೆಯ ದಿನ. ಸಂಜೆಯ ಹೊತ್ತಿಗೆ ಜೀವಶಾಸ್ತ್ರ ನಾನೂರ ಮೂವತ್ತೊಂದಕ್ಕೆ ಮುಟ್ಟಿತ್ತು. ಕಂಪ್ಯೂಟರ್ ವಿಭಾಗದಲ್ಲಿ ಅರವತ್ತು ಸೀಟು, ಅರ್ಜಿ ಬರೀ ಮೂವತ್ತೇಳು. ಒಂದು ಕಡೆ ಮೂರೂವರೆ ಮಂದಿಗೆ ಒಂದು ಸೀಟು, ಇನ್ನೊಂದು ಕಡೆ ಒಬ್ಬರಿಗೆ ಒಂದೂವರೆ. ಬಸವಕುಮಾರನಿಗೆ ಇದು ಖಾಲಿ ನಿಂತ ಕಾರ್ಖಾನೆಯಂತೆ ಕಂಡಿತು. ಕಬ್ಬಾದರೆ ಯಾವ ಗಾಣಕ್ಕೆ ಹೋದರೂ ಸಕ್ಕರೆಯೇ ಆಗುತ್ತದೆ. ಮಗಳೂ ಹಾಗೆಯೇ ಎಂದುಕೊಂಡ.

ಕಾವ್ಯ ಶಾಲೆಯ ಹೆಚ್ಚಿನ ತರಗತಿಯಲ್ಲಿದ್ದಳು. ಅವನು ಫೋನ್ ತೆಗೆದು, ಅವಳ ಅರ್ಜಿಯಲ್ಲಿ ಜೀವಶಾಸ್ತ್ರವನ್ನು ಅಳಿಸಿ ಕಂಪ್ಯೂಟರ್ ಎಂದು ಮಾಡಿದ. ಮುಚ್ಚಳಿಕೆ ತೆರೆಯಿತು. ಅದರ ಮೊದಲ ಸಾಲು: ‘ಮೇಲ್ಕಂಡ ವಿಷಯವನ್ನು ವಿದ್ಯಾರ್ಥಿನಿಯು ಸ್ವಂತ ಇಚ್ಛೆಯಿಂದ ಆರಿಸಿಕೊಂಡಿರುತ್ತಾಳೆ.’ ಅದರ ಕೆಳಗೆ ತಂದೆ ತಾಯಿ ಇಬ್ಬರೂ ಬೆರಳಿನಿಂದ ಸಹಿ ಮಾಡಬೇಕು. ತನ್ನದನ್ನು ಮಾಡಿ, ರೊಟ್ಟಿ ಬಡಿಯುತ್ತಿದ್ದ ಶೈಲಾಳ ಮುಂದೆ ಫೋನ್ ಹಿಡಿದ.

“ಏನರೀ ಇದು?”

“ಕಾಲೇಜಿಂದು. ಲಗೂನ ಮಾಡ. ಏಳಕ್ಕ ಬಂದ್ ಆಗ್ತೈತಿ.”

ಶೈಲಾ ಹಿಟ್ಟಿನ ಬೆರಳಿನಿಂದ ಗೀಚಿ ಮತ್ತೆ ರೊಟ್ಟಿಗೆ ಕೈ ಹಾಕಿದಳು.

ಎಂಟು ದಿನ ಬಿಟ್ಟು ಪ್ರವೇಶಪತ್ರ ಬಂತು. ಕಾವ್ಯ ಅದನ್ನು ಎರಡು ಸಲ ಓದಿದಳು.

“ಇದು ನಂದಲ್ಲ.”

“ಹೆಸರ ನಿಂದ ಐತೆಲ್ಲ,” ಎಂದ ಬಸವಕುಮಾರ. “ನೋಡ ಯವ್ವಾ, ಮೊದಲ ಸೀಟು, ಆಮ್ಯಾಲ ವಿಷಯ. ಒಳಗ ಹೊಕ್ಕವರು ಒಳಗ ಇರ್ತಾರ.”

“ದನದ ಡಾಕ್ಟರ್ ಆಗಾಕ ಕಂಪ್ಯೂಟರ್ ಓದಬೇಕೇನ?”

“ಮುಂದ ದನಕ್ಕೂ ಕಂಪ್ಯೂಟರ್ ಬರ್ತಾವ. ನೀ ನೋಡ್ತಿರು.”

“ನನ್ನ ಒಂದ ಮಾತ ಕೇಳಬೇಕಿತ್ತ.”

“ಕೇಳಾಕ ಟೈಮ ಎಲ್ಲಿತ್ತ?” ಎಂದು ಅವನು ಎದ್ದುಹೋದ. ಅಂಕಿಗಾಗಿ ಇಪ್ಪತ್ತು ದಿನ ಕಾದವನಿಗೆ ಮಗಳಿಗಾಗಿ ಅರ್ಧ ತಾಸು ಸಿಕ್ಕಿರಲಿಲ್ಲ.

ಜನವರಿ ಐದರಂದು ಪರೀಕ್ಷೆ. ಬೇಕೆಂದೇ ತಪ್ಪು ಬರೆದು ಸೀಟು ತಪ್ಪಿಸಿಕೊಳ್ಳುವ ದಾರಿ ಕಾವ್ಯಳಿಗೆ ಇತ್ತು. ಉತ್ತರ ಗೊತ್ತಿದ್ದೂ ತಪ್ಪು ಬರೆಯಲು ಅವಳ ಕೈ ಏಳಲಿಲ್ಲ. ಅರವತ್ತು ಸೀಟಿನಲ್ಲಿ ಐವತ್ತೇಳನೆಯದು ಅವಳದಾಯಿತು. ಬಸವಕುಮಾರ ಊರ ತುಂಬ ಪೇಡೆ ಹಂಚಿದ. ಪೇಡೆಯ ಡಬ್ಬಿಯ ಚಿತ್ರವನ್ನು ಗುಂಪಿಗೂ ಹಾಕಿದ. ಅಂದು ಗುಂಪಿನಲ್ಲಿ ಕೈಮುಗಿದವರು ಕಡಿಮೆ. ಅವನು ಅದನ್ನು ಹೊಟ್ಟೆಕಿಚ್ಚೆಂದು ತಿಳಿದ.

ಹತ್ತೊಂಬತ್ತರ ರವಿವಾರ ಕಾಲೇಜಿನಲ್ಲಿ ಪಾಲಕರ ಸಭೆ. ಬಸವಕುಮಾರ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹೆಂಡತಿ ಮಗಳೊಂದಿಗೆ ಮುಂದಿನ ಸಾಲಿನಲ್ಲಿ ಕುಳಿತ. ಬೆನ್ನ ಹಿಂದೆಯೇ ತಾತ್ಯಾಸಾಹೇಬ, ಮುಖ ಸಣ್ಣದು ಮಾಡಿಕೊಂಡಿದ್ದ. ನಿಶಾಂತನಿಗೆ ಕಂಪ್ಯೂಟರ್ ಸೀಟು ಸಿಕ್ಕಿರಲಿಲ್ಲ.

ಪ್ರಾಚಾರ್ಯೆ ದಾನೇಶ್ವರಿ ಬಂದು ನಿಂತರು. ನಲವತ್ತೈದರ ಹೆಂಗಸು, ಸ್ವಾಗತ, ದೀಪ, ಹೂಗುಚ್ಛ ಯಾವುದೂ ಇಲ್ಲದೆ ಕಾಗದ ತೆಗೆದರು.

“ಎಲ್ಲಾ ಪಾಲಕರಿಗೂ ನಮಸ್ಕಾರ್ರಿ. ಈ ವರ್ಷದ ಲೆಕ್ಕ ಮೊದಲ ಹೇಳಿಬಿಡ್ತೇನಿ. ಜೀವಶಾಸ್ತ್ರಕ್ಕ ನಾನೂರ ಮೂವತ್ತೊಂದು ಅರ್ಜಿ ಬಂದಿದ್ದುವು. ಅದರಾಗ ಪೂರ್ತಿ ತುಂಬಿ ಮುಚ್ಚಳಿಕೆ ಕೊಟ್ಟು ಪರೀಕ್ಷಾ ಬರದವರು ಎಪ್ಪತ್ತೊಂಬತ್ತು ಮಂದಿ. ಎಲ್ಲಾರಿಗೂ ಸೀಟ ಕೊಟ್ಟೇವಿ. ಇನ್ನಾ ನಲವತ್ತೊಂದ ಖಾಲಿ ಅದಾವ.”

ಕೆಲವರು ಫೋನ್ ತೆಗೆದು ಗುಂಪಿನ ಹಳೆಯ ಅಂಕಿಗಳನ್ನು ಹುಡುಕತೊಡಗಿದರು.

“ಉಳದ ಅರ್ಜಿಗೆ ನಮ್ಮ ಹುಡುಗ್ಯಾರು ಒಂದ ವಾರ ಫೋನ್ ಮಾಡ್ಯಾರ. ಮುತ್ಯಾಗಳು ಅದಾರ, ಆಯಿಗಳು ಅದಾರ. ಒಬ್ಬರು ಊಟದ್ದ ವಿಚಾರಾ ಮಾಡ್ಯಾರ, ಭಾಳ ಛಲೋ ಆತು. ಗೌರಿ ಅಂತ ಒಂದ ಹೆಣಮಗಳು ಫೋನ್ ತಗೋವಲ್ಲಳು.”

ಎಲ್ಲೋ ಒಬ್ಬರು ನಕ್ಕರು. ಉಳಿದವರು ನಗಲಿಲ್ಲ, ಪ್ರತಿಯೊಬ್ಬರ ಮನೆಯಲ್ಲೂ ಒಬ್ಬ ಮುತ್ಯಾ ಇಲ್ಲವೆ ಆಯಿ ಇದ್ದರು. ಬಸವಕುಮಾರ ಹಿಂದಿರುಗಿ ನೋಡಿದ. ತಾತ್ಯಾಸಾಹೇಬ ಛತ್ತಿನ ಕಡೆ ನೋಡುತ್ತಿದ್ದ.

“ಕಂಪ್ಯೂಟರಿಗೆ ಇಪ್ಪತ್ತನೆ ತಾರೀಖ ಸಂಜಿಮುಂದ ಮೂವತ್ತೇಳ ಅರ್ಜಿ ಇದ್ದುವು. ಏಳ ಬಡಿಯೂದರಾಗ ನೂರಾ ನಲವತ್ತೆಂಟಾದುವು. ಅರವತ್ತ ಮಂದಿ ಪಾಸ್, ಎಂಬತ್ತೆಂಟ ಮಂದಿ ಹೊರಗ. ಹೊರಗ ಉಳದವರ ಮುಚ್ಚಳಿಕೆ ತಾನ ಬಿದ್ದ ಹೋತು. ಅವರಿಗೆ ಇಚ್ಛಾ ಇದ್ರ ಜೀವಶಾಸ್ತ್ರದ ಖಾಲಿ ಸೀಟಿಗೆ ಇವತ್ತ ಸಂಜಿ ಐದರ ಒಳಗ ಹೆಸರ ಕೊಡಬಹುದು. ಸೀಟ ಸಿಕ್ಕವರು ಬದ್ಧ. ಅವರಿಗೆ ಬದಲಿ ಇಲ್ಲ.”

ಬಸವಕುಮಾರನ ಗೆದ್ದ ಮಗಳು ಬೇಡದ ಸೀಟಿಗೆ ಕಟ್ಟಿಬಿದ್ದಿದ್ದಳು. ಅವಳಿಗೆ ಬೇಕಾದ ಸೀಟನ್ನು ಸೋತವರು ಎದ್ದು ಹಂಚಿಕೊಳ್ಳತೊಡಗಿದ್ದರು. ತಾತ್ಯಾಸಾಹೇಬ ಆಗಲೇ ಮಗನ ರಟ್ಟೆ ಹಿಡಿದು ಪಾಳಿಗೆ ಓಡುತ್ತಿದ್ದ. “ಪಪ್ಪಾ, ನನಗ ಕಪ್ಪಿ ಕೊಯ್ಯಾಕ ಬ್ಯಾಡ,” ಎನ್ನುತ್ತಿದ್ದ ನಿಶಾಂತ. “ಕೊಯ್ಯಿ! ಸಿಕ್ಕದ್ದ ಕೊಯ್ಯಿ!” ಎನ್ನುತ್ತಿದ್ದ ಅಪ್ಪ.

ಕಾವ್ಯ ಎದ್ದು ನೇರವಾಗಿ ಪ್ರಾಚಾರ್ಯೆಯ ಮೇಜಿನ ಬಳಿ ಹೋದಳು. ತಂದೆ ತಾಯಿ ಹಿಂದೆ ಹೋದರು.

“ಮ್ಯಾಡಂ, ನಾ ಜೀವಶಾಸ್ತ್ರ ಅಂತ ತುಂಬಿದ್ನಿರಿ. ನನಗ ಅದ ಬೇಕ್ರಿ.”

ದಾನೇಶ್ವರಿ ಮುಚ್ಚಳಿಕೆಯ ಪ್ರತಿ ತೆಗೆಸಿ ನೋಡಿದರು. “ಇಲ್ಲಿ ಸ್ವಂತ ಇಚ್ಛೆ ಅಂತೈತಲ್ಲವಾ. ಇದು ಖರೆ ಇದ್ರ ನಾ ಏನೂ ಮಾಡಾಕ ಬರಂಗಿಲ್ಲ. ಸುಳ್ಳಿದ್ರ ಮುಚ್ಚಳಿಕೆನ ರದ್ದು. ಸಹಿ ಮಾಡಿದವರಾಗ ಒಬ್ಬರು ಹಂಗಂತ ಬರದ ಕೊಡಬೇಕು, ನೀ ಅದಕ್ಕ ಸಹಿ ಹಾಕಬೇಕು. ಐದರ ಒಳಗ.”

ಗೋಡೆಯ ಗಡಿಯಾರದಲ್ಲಿ ನಾಲ್ಕು ಗಂಟೆ ಹತ್ತು ನಿಮಿಷ. ಬಸವಕುಮಾರ ಹಾಳೆ ತೆಗೆದುಕೊಂಡು ಬರೆದ: ‘ತಾಂತ್ರಿಕ ದೋಷದಿಂದ ವಿಷಯ ಬದಲಾಗಿರುತ್ತದೆ.’

“ದೋಷ ಯಾರದರಿ?” ಎಂದರು ದಾನೇಶ್ವರಿ. “ಬದಲಿ ಮಾಡಬೇಕೇನ ಅಂತ ನಿಮ್ಮ ಫೋನಿಗೆ ಓಟಿಪಿ ನಂಬರ್ ಬಂದೈತಿ. ನೀವು ಹೂಂ ಅಂತ ಒತ್ತೀರಿ.”

ಎರಡನೆಯ ಹಾಳೆ. ‘ವಿದ್ಯಾರ್ಥಿನಿಯ ಮನಸ್ಸು ಈಗ ಬದಲಾಗಿರುತ್ತದೆ.’ ಅದನ್ನು ಕಾವ್ಯಳ ಮುಂದಿಟ್ಟು ಪೆನ್ನು ಕೊಟ್ಟ.

“ನನ್ನ ಮನಸ್ಸು ಬದಲಾಗಿಲ್ಲ,” ಎಂದಳು ಕಾವ್ಯ. “ಇದಕ್ಕ ಸಹಿ ಹಾಕಂಗಿಲ್ಲ.”

“ಒಂದ ಗೆರಿ ಯವ್ವಾ. ಯಾರ ನೋಡ್ತಾರ?”

“ನೀನ ಬರಿ ಅಪ್ಪಾ. ಕಾವ್ಯಾನ ಕೇಳಲಾರದ ನಾನ ಬದಲಿ ಮಾಡೇನಿ ಅಂತ ಬರಿ. ಅಷ್ಟ ಸಾಕು.”

ಬೆನ್ನ ಹಿಂದೆ ಪಾಳಿಯಲ್ಲಿ ನಲವತ್ತು ಮಂದಿ ನಿಂತಿದ್ದರು. ದಿನವೂ ಸಂಜೆ ಕೈಮುಗಿಯುತ್ತಿದ್ದವರು ಅವರೇ. ಬಸವಕುಮಾರನ ಕೈಯಲ್ಲಿ ಪೆನ್ನು ಇತ್ತು. ನಾಲ್ಕು ಸುಳ್ಳು ಹೆಸರುಗಳನ್ನು ಉಸಿರು ಬಿಡದೆ ಬರೆದಿದ್ದ ಆ ಕೈ ಒಂದು ನಿಜ ಬರೆಯಲು ಮೇಲೇಳಲಿಲ್ಲ. ಅವನು ಕಿಸೆಯಿಂದ ಫೋನ್ ತೆಗೆದ. ಫೋನ್ ರಿಂಗಾಗಿರಲಿಲ್ಲ. “ಹಾಂ, ಹೇಳ್ರಿ. ಕಟಾವಿನ ಗ್ಯಾಂಗ್ ಬಂತೇನ?” ಎನ್ನುತ್ತ ಹೊರಗೆ ಹೋದ.

ಪಾಳಿ ಒಂದೊಂದು ಹೆಜ್ಜೆ ಮುಂದೆ ಸರಿಯಿತು. ಖಾಲಿ ಸೀಟು ನಲವತ್ತೊಂದರಿಂದ ಹದಿನೆಂಟಕ್ಕೆ ಇಳಿಯಿತು. ಬಾಗಿಲಾಚೆ ಅವನ ಬೆನ್ನು ಕಾಣುತ್ತಿತ್ತು.

ಶೈಲಾ ಪೆನ್ನು ಎತ್ತಿಕೊಂಡಳು. ಮದುವೆಯಾದ ಮೇಲೆ ಅವಳು ಸಹಿಯ ಹೊರತು ಹೆಚ್ಚೇನೂ ಬರೆದಿರಲಿಲ್ಲ; ಅಕ್ಷರ ದೊಡ್ಡವಾಗಿ ಬಂದವು. ‘ನನ್ನ ಮಗಳು ಕಾವ್ಯ ಜೀವಶಾಸ್ತ್ರ ಬೇಕು ಅಂದಿದ್ದಳು. ಅವಳ ತಂದೆ ಅವಳನ್ನು ಕೇಳದೆ ಬದಲಿಸಿದರು. ನಾನು ಓದದೆ ಸಹಿ ಹಾಕಿದೆ. ಇದು ನಿಜ.’

“ಸಾಕೇನ್ರಿ ಮ್ಯಾಡಂ?”

ದಾನೇಶ್ವರಿ ಓದಿದರು. “ಸಾಕ್ರಿ. ಇಷ್ಟ ಸ್ವಚ್ಛ ಅರ್ಜಿ ಈ ವರ್ಷ ಇದ ಮೊದಲನೇದ.” ಕಾವ್ಯ ಸಹಿ ಹಾಕಿದಳು. ಜೀವಶಾಸ್ತ್ರದಲ್ಲಿ ಅವಳಿಗೆ ಸಿಕ್ಕಿದ್ದು ನೂರ ಮೂರನೆಯ ಸೀಟು. ಅವಳು ಬಿಟ್ಟ ಕಂಪ್ಯೂಟರ್ ಸೀಟನ್ನು ನಿಶಾಂತ ಕೇಳಬಹುದಿತ್ತು. ಆದರೆ ತಾತ್ಯಾಸಾಹೇಬ ಅಷ್ಟು ಹೊತ್ತಿಗೆ ಅವನನ್ನು ಕಪ್ಪೆಗಳಿಗೆ ಬದ್ಧ ಮಾಡಿ ಮುಗಿಸಿದ್ದ.

ಊರಿಗೆ ಮರಳುವಾಗ ಬಸವಕುಮಾರ ಕಾರು ನಡೆಸುತ್ತ ಕಬ್ಬಿನ ಟ್ರ್ಯಾಕ್ಟರುಗಳನ್ನು ಬೈದ. ಜಮಖಂಡಿ ದಾಟಿದ ಮೇಲೆ ಅವನಿಗೆ ದನಿ ಬಂತು.

“ಒಟ್ಟ ನೋಡಿದ್ರ ಛಲೋನ ಆತು. ಎರಡೂ ಕಡೆ ಸೀಟ ಸಿಕ್ಕಂಗಾತು.”

“ಹೌದ್ರಿ,” ಎಂದಳು ಶೈಲಾ. “ಆಯಿಗೂ ಒಂದ ಸಿಗಬೇಕಾಗಿತ್ತು. ರೊಟ್ಟಿ ಮ್ಯಾಲ ತಪ್ಪಿತು.”

ಹಿಂದಿನ ಸೀಟಿನಿಂದ ಕಾವ್ಯ ಹೇಳಿದಳು: “ಅಪ್ಪಾ, ಈಗ ಯಾರೂ ಇಲ್ಲ. ಒಂದ ಸಲ ಅನ್ನು. ನಿನ್ನ ಕೇಳಬೇಕಿತ್ತು ಅಂತ.”

“ಮುಂದ ಕಬ್ಬಿನ ಗಾಡಿ ಐತಿ, ಮಾತಾಡಿಸಬ್ಯಾಡ,” ಎಂದ ಅವನು. ಮುಂದೆ ಗಾಡಿ ಇರಲಿಲ್ಲ. ಅಂದಿನ ಸಂಜೆ ಗುಂಪಿನಲ್ಲಿ ಅವನ ಸಂದೇಶ ಬಂತು: ‘ಮಗಳು ಎರಡೂ ವಿಭಾಗಗಳಲ್ಲಿ ಆಯ್ಕೆ.’

ಜೂನಿನಲ್ಲಿ ಕಾವ್ಯ ವಸತಿಗೆ ಹೋದಳು. ರವಿವಾರ ಫೋನ್ ಮಾಡುತ್ತಾಳೆ. ಆಯಿಯೊಡನೆ ಊಟದ ವಿಚಾರ, ತಾಯಿಯೊಡನೆ ಎಲ್ಲ ವಿಚಾರ ಮಾತಾಡಿದ ಮೇಲೆ ಫೋನು ತಂದೆಯ ಕೈಗೆ ಬರುತ್ತದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿರುತ್ತಾಳೆ. ಏನಾದರೂ ಹೇಳಬೇಕಾದ ಜಾಗ ಅದು ಎಂದು ಅವನಿಗೂ ಗೊತ್ತು. ಅವನು ಪರೀಕ್ಷೆಯಲ್ಲಿ ಎಷ್ಟು ಬಂತು, ತರಗತಿಯಲ್ಲಿ ಎಷ್ಟನೆಯವಳು ಎಂದು ಕೇಳುತ್ತಾನೆ. ಅವಳು ಸಂಖ್ಯೆ ಹೇಳುತ್ತಾಳೆ. ಹೇಳಬೇಕಾದ ಆ ಒಂದು ಮಾತು ಮಾತ್ರ ಅವನ ಕಡೆಯಿಂದ ಇನ್ನೂ ಬಾಕಿ ಇದೆ.